ಒಂಬತ್ತನೆಯ ಅಧ್ಯಾಯದಲ್ಲಿ ಸೀತು

ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಆ ಕಾದಂಬರಿಯ ಹದಿನಾಲ್ಕು ಪ್ರತಿಗಳಿವೆ. ಹದಿನಾಲ್ಕರಲ್ಲೂ ಒಂಬತ್ತನೆಯ ಅಧ್ಯಾಯದ ಹಾಳೆಗಳೇ ಮೊದಲು ಕಿತ್ತು ಕೈಗೆ ಬರುವುದು. ಯಾಕೆ ಅಂದರೆ ಡಿಗ್ರಿ ಪರೀಕ್ಷೆಯ ಹತ್ತು ಅಂಕದ ಪ್ರಶ್ನೆ ಹುಟ್ಟುವುದೇ ಅಲ್ಲಿ: ‘ಕಾದಂಬರಿಯಲ್ಲಿ ಅನಾಗರಿಕತೆ ಮತ್ತು ನಾಗರಿಕತೆಯ ಸಂಘರ್ಷವನ್ನು ಚರ್ಚಿಸಿ.’

ನಾನು ಅಲ್ಲಿ ಅಟೆಂಡರ್. ಹಾಳೆ ಅಂಟಿಸುವ ಕೆಲಸ ನನ್ನದೇ ಆದ್ದರಿಂದ, ಅಂಟಿಸುತ್ತ ಅಂಟಿಸುತ್ತ, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಒಂದು ಬೇಸಿಗೆ ರಜೆಯಲ್ಲಿ ಅದನ್ನು ಓದಿ ಮುಗಿಸಿದ್ದೆ. ನೂರು ವರ್ಷ ದಾಟಿದ ಇಂಗ್ಲಿಷ್ ಪುಸ್ತಕ. ಒಬ್ಬ ಕಪ್ತಾನನ ಹಡಗು ಯಾವುದೋ ದ್ವೀಪದ ಬಂಡೆಗೆ ಬಡಿದು ಒಡೆಯುತ್ತದೆ. ಪೆಟ್ಟಿಗೆ, ಪೀಪಾಯಿ, ಬಟ್ಟೆಬರೆ ಎಲ್ಲ ದಡಕ್ಕೆ ತೇಲಿ ಬರುತ್ತವೆ. ದ್ವೀಪದ ಜನ ಓಡಿಬಂದು ಅದರ ಮೇಲೆ ಮುಗಿಬೀಳುತ್ತಾರೆ. ಕಪ್ತಾನ ಒಂದು ಮರದ ಮೇಲೆ ಅಡಗಿ ಕೂತು ನೋಡುತ್ತಾನೆ, ಹೇಸಿಗೆಪಟ್ಟುಕೊಳ್ಳುತ್ತಾನೆ. ಅದೇ ಒಂಬತ್ತನೆಯ ಅಧ್ಯಾಯ. ಆಮೇಲೆ ಅವರಿಗೆ ಬಟ್ಟೆ ಉಡಿಸುವುದು, ಸಾಲಾಗಿ ನಿಲ್ಲಿಸುವುದು, ಬೇಲಿ ಹಾಕಿಸುವುದು, ಹೀಗೇ ಮುಂದೆ ಹೋಗುತ್ತದೆ.

ಶ್ರೀಲತಾ ಕಡಲ ದಡದ ನಮ್ಮೂರು ಕೋಡಿಯ ಹುಡುಗಿ. ನನ್ನ ಮನೆಯಿಂದ ಮೂರನೇ ಮನೆ. ಅವಳ ಅಮ್ಮ ಸೀತು ಬೆಳಿಗ್ಗೆ ಗಂಗೊಳ್ಳಿ ಬಂದರಿನಿಂದ ಮೀನು ತಂದು ಕುಂದಾಪುರ ಮಾರ್ಕೆಟ್ಟಿನಲ್ಲಿ ಕೂತು ಮಾರುವವಳು. ಅಪ್ಪ ಮಲ್ಪೆಯ ಬೋಟಿನಲ್ಲಿ. ಮನೆಗೆ ಬರುವುದು ಅಪರೂಪ. ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಶ್ರೀಲತಾ ಒಬ್ಬಳೇ, ಅದೂ ಇಂಗ್ಲಿಷ್ ತೆಗೆದುಕೊಂಡು. ಬಿ.ಎಡ್. ಮಾಡಿ ಟೀಚರ್ ಆಗಬೇಕು ಅನ್ನುವುದು ಅವಳ ಆಸೆಯಷ್ಟೇ ಅಲ್ಲ, ಇಡೀ ಕೇರಿಯ ಆಸೆ.

ಈ ವರ್ಷ ಇಂಗ್ಲಿಷ್ ವಿಭಾಗದ ಪ್ರವೀಣ್ ಸರ್ ಹೊಸ ಯೋಚನೆ ಮಾಡಿದರು. ಬರೆದು ಕೊಡುವುದು ಸಾಕು, ಅದೇ ಪ್ರಶ್ನೆಯ ಮೇಲೆ ಐದು ನಿಮಿಷದ ವಿಡಿಯೋ ಮಾಡಿ. ಇಂಟರ್ನಲ್ ಅಂಕ ಅದಕ್ಕೇ. ಚೆನ್ನಾಗಿ ಬಂದದ್ದನ್ನು ಬ್ರಹ್ಮಾವರದಲ್ಲಿ ನಡೆಯುವ ಅಂತರ ಕಾಲೇಜು ಸ್ಪರ್ಧೆಗೆ ಕಳಿಸುತ್ತೇನೆ, ಅಂದರು. ಶ್ರೀಲತಾಳ ಗುಂಪಿನಲ್ಲಿ ನಾಲ್ಕು ಜನ. ಅದರಲ್ಲಿ ಪೇಟೆಯ ರೋಹನ್‌ಗೆ ಮೊಬೈಲಿನಲ್ಲೇ ವಿಡಿಯೋ ಕತ್ತರಿಸಿ ಜೋಡಿಸುವ ವಿದ್ಯೆ ಗೊತ್ತು. ನಿಖಿತಾ ಅಂತ ಇನ್ನೊಬ್ಬಳು, ಶ್ರೀಲತಾಳ ಗೆಳತಿ.

ಮರುದಿನ ಶ್ರೀಲತಾ ಓಡಿಬಂದು ನನ್ನ ಮೇಜಿನ ಮುಂದೆ ನಿಂತಳು.

“ಗೋಪಿಮಾಮ, ಆ ಕಪ್ತಾನ ನಮ್ ಕೋಡಿಗ್ ಬಂದಿರೆ ಇದೇ ಬರಿತಿದ್ದ ಅಲ್ದಾ? ನಮ್ ಕೈರಂಪಣಿ ಕಂಡ್ರೆ?”

“ಹ್ಯಾಂಗೆ?”

“ಅವ್ನಿಗೆ ಜನ ಬಿದ್ದ್ ಹೆಕ್ಕುದ್ ಮಾತ್ರ ಕಂಡಿತ್. ಅದ್ರೊಳಗಿನ್ ಕಟ್ಟಳೆ ಕಾಂಬುಕೆ ಅವ ಮರದ್ ಮೇಲಿಂದ ಇಳಿಲೇ ಇಲ್ಲ. ನಾವ್ ಅದ್ನೇ ತೋರ್ಸುವ.”

ನನಗೆ ಖುಷಿಯಾಯಿತು. ನಾನೂ ಓದಿದ್ದೆನಲ್ಲ, ನನಗೆ ಹೊಳೆದಿರಲಿಲ್ಲ.

ಕೈರಂಪಣಿ ಅಂದರೆ ದಡದಿಂದ ಎಳೆಯುವ ಬಲೆ. ದೋಣಿಯಲ್ಲಿ ಬಲೆ ಬಿಟ್ಟು ಬಂದು, ಎರಡು ಕಡೆ ಹಗ್ಗ ಹಿಡಿದು ಮೂವತ್ತು ನಲವತ್ತು ಜನ ಎಳೆಯುವುದು. ಅದಕ್ಕೆ ನಮ್ಮಲ್ಲಿ ಎರಡು ಕಟ್ಟಳೆ. ಒಂದು, ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು ಉಂಟು. ಊರವನೋ ಪರಊರವನೋ ಯಾರೂ ಕೇಳುವುದಿಲ್ಲ. ಎರಡನೆಯದು, ಬಲೆ ದಡಕ್ಕೆ ಬಂದು ಬಾಯಿ ಬಿಚ್ಚಿದಾಗ ಹೊರಗೆ ಹಾರಿದ ಮೀನಿನ ಮೇಲೆ ಪಾಲುದಾರರಿಗೆ ಹಕ್ಕಿಲ್ಲ. ಅದು ಹೆಕ್ಕಿದವರದ್ದು. ಹಗ್ಗ ಎಳೆಯಲಾರದ ಮುದುಕರಿಗೆ, ಗಂಡ ಸತ್ತ ಹೆಂಗಸರಿಗೆ ಅಂತಲೇ ಬಿಟ್ಟದ್ದು. ಬಗ್ಗಿ ಹೆಕ್ಕುವ ಆ ಎರಡು ನಿಮಿಷ ನೋಡಲು ದೊಡ್ಡ ಗಲಾಟೆ. ಕೂಗು, ನೂಕು, ಮರಳು, ನಗು. ಆದರೆ ಎಳೆದ ಗಂಡಸರು ಯಾರೂ ಅಲ್ಲಿ ಬಗ್ಗುವುದಿಲ್ಲ, ಸೊಂಟಕ್ಕೆ ಕೈ ಕೊಟ್ಟು ನಿಂತಿರುತ್ತಾರೆ.

ಆ ಭಾನುವಾರ ಬೆಳಿಗ್ಗೆ ನಾಲ್ಕೂ ಜನ ಬಂದರು. ಸೀತು ಮೀನಿಗೆ ಹೋಗದೆ ನಿಂತಿದ್ದಳು, ಮಗಳ ಕ್ಲಾಸಿನ ಮಕ್ಕಳು ಬರುತ್ತಾರೆ ಅಂತ.

“ಹ್ವಾಯ್, ಎಂತಕ್ ದೂರ ನಿತ್ಕಂಡ್ ಕಾಂತ್ರಿ? ಬಂದ್ ಹಗ್ಗ ಹಿಡಿನಿ. ಕೈ ಹಾಕ್ದೋರಿಗೆ ಪಾಲಿತ್ತ್!”

ರೋಹನ್ ನಗುತ್ತ ಪ್ಯಾಂಟು ಮಡಚಿ ಬಂದ, ಒಂದಿಷ್ಟು ಎಳೆದು ಮತ್ತೆ ಮೊಬೈಲ್ ಹಿಡಿದು ವಿಡಿಯೋ ತೆಗೆಯತೊಡಗಿದ. ನಿಖಿತಾ ಸೆಲ್ಫಿ ತೆಗೆದುಕೊಂಡು ಎರಡು ಜಗ್ಗು ಜಗ್ಗಿದಳು. ಬಲೆ ಬಂತು, ಬಾಯಿ ಬಿಚ್ಚಿತು, ಬಂಗುಡೆ ಚಿಮ್ಮಿತು, ಹೆಕ್ಕುವವರೆಲ್ಲ ಬಗ್ಗಿದರು. ಸೀತುವೂ ಬಗ್ಗಿದಳು. ಅವಳಿಗೆ ಬೇಕಾಗಿರಲಿಲ್ಲ, ನಮ್ಮ ಕೇರಿಯ ಮುದುಕ, ಕಣ್ಣು ಮಂಜಾದ ಮುತ್ತಜ್ಜನಿಗೆ ಪ್ರತಿ ಸಲ ಅವಳೇ ಹೆಕ್ಕಿ ಕೊಡುವುದು. ಅಷ್ಟರಲ್ಲಿ ಆ ಅಜ್ಜ ತಾನೇ ತಡಕಾಡಿ ಒಂದು ಮೀನು ಹಿಡಿದಿದ್ದ. ಬಂಗುಡೆ ಅಲ್ಲ, ಮುಳ್ಳು ಚುಚ್ಚಿದರೆ ಕೈ ಊದಿ ಜ್ವರ ಬರುವ ಜಾತಿ. ಸೀತು “ಬಿಡೋ ಅಜ್ಜ!” ಅಂತ ಕಿರುಚಿ, ಅವನ ಕೈಗೆ ಹೊಡೆದು, ಮೀನು ಕಿತ್ತು ಅತ್ತ ಎಸೆದಳು. ಅಜ್ಜ ಮರಳಿನ ಮೇಲೆ ಕೂತುಬಿಟ್ಟ. ಇಡೀ ದಡ ನಕ್ಕಿತು. ಅಜ್ಜನೂ ನಕ್ಕ. “ಹೆಣೇ, ನಿನ್ ಕೈಯೇ ಮುಳ್ಳಿಗಿಂತ್ ಜೋರಿತ್ತಲೆ.”

ಪಾಲು ಹಂಚುವಾಗ ನಾಲ್ಕು ಜನಕ್ಕೂ ತಲಾ ಒಂದು ಪಾಲು ಬಂತು. ರೋಹನ್ ಬೇಡ ಬೇಡ ಅಂದರೂ ಸೀತು ಬಿಡಲಿಲ್ಲ. ಅವನ ಬೈಕಿಗೆ ಚೀಲ ಸಿಕ್ಕಿಸಿ ಕಳಿಸಿದಳು.

ಮಂಗಳವಾರ ಸಂಜೆ, ಲೈಬ್ರರಿಯ ಬಾಗಿಲು ಹಾಕಿ, ಫ್ಯಾನಿನ ಸದ್ದು ಬರಬಾರದು ಅಂತ ಫ್ಯಾನು ಬಂದ್ ಮಾಡಿ, ಶ್ರೀಲತಾ ತನ್ನ ಸ್ವರ ರೆಕಾರ್ಡ್ ಮಾಡಿದಳು. ಮೊದಲು ಕಪ್ತಾನನ ಮಾತು, ಒಂಬತ್ತನೆಯ ಅಧ್ಯಾಯದ ಒಂದು ಪ್ಯಾರಾ. ಅದು ಪುಸ್ತಕದ ಚಿತ್ರದ ಮೇಲೆ ಕೇಳಬೇಕಾದ್ದು. ಆಮೇಲೆ ಅವಳೇ ಬರೆದ ಎರಡು ಪುಟ, ಪಾಲಿನ ಕಟ್ಟಳೆ, ಮುತ್ತಜ್ಜ, ಮುಳ್ಳಿನ ಮೀನು. ಅದು ದಡದ ಚಿತ್ರದ ಮೇಲೆ. ಬೆವರು ಒರೆಸಿಕೊಳ್ಳುತ್ತ ಮೂರು ಮೂರು ಸಲ ಓದಿದಳು. ಎರಡನ್ನೂ ರೋಹನ್‌ಗೆ ಕಳಿಸಿದಳು.

ಪ್ರವೀಣ್ ಸರ್ ಎರಡು ಪುಟ ನೋಡಿ, “ತುಂಬಾ ಚೆನ್ನಾಗಿ ಬರೆದಿದ್ದಿ. ಆದರೆ ಇದು ಸಮಾಜಶಾಸ್ತ್ರ ಆಯ್ತಮ್ಮ. ನಮಗೆ ಬೇಕಾದ್ದು ಕಾದಂಬರಿ. ಐದೇ ನಿಮಿಷ ಇರುವುದು, ಇದನ್ನ ಸ್ವಲ್ಪ ಕಮ್ಮಿ ಮಾಡಿ,” ಅಂದರಂತೆ. ರೋಹನ್ ಕಮ್ಮಿ ಮಾಡಿದ. ಎಷ್ಟು ಕಮ್ಮಿ ಮಾಡಿದ ಅಂತ ಸಭೆಯ ದಿನದವರೆಗೆ ಶ್ರೀಲತಾಳಿಗೂ ಗೊತ್ತಿರಲಿಲ್ಲ.

ಸಭೆ ಅಂದರೆ ಪೋಷಕರ ಸಭೆ, ಎಲ್ಲ ಗುಂಪಿನ ವಿಡಿಯೋ ತೋರಿಸಿ ಬಹುಮಾನ ಹೇಳುವುದೂ ಅಲ್ಲೇ. ಸೀತು ಆ ದಿನ ಮಾರ್ಕೆಟ್ಟಿಗೆ ರಜೆ ಹಾಕಿ, ನೀಲಿ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಳು. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಳು.

“ಗೋಪಿಯಣ್ಣ, ನನ್ ಮೈ ವಾಸನೆ ಬತ್ತಿಲ್ಲ ಅಲ್ದಾ?”

“ಮಲ್ಲಿಗೆ ವಾಸನೆ ಬತ್ತಿತ್. ಸುಮ್ನ್ ಕೂಕೋ.”

ದೀಪ ಆರಿಸಿದರು. ಪರದೆಯ ಮೇಲೆ ನಮ್ಮ ಕೋಡಿಯ ದಡ ಬಂತು. ಬಲೆ ಬಾಯಿ ಬಿಚ್ಚಿತು. ಅದೇ ಹೊತ್ತಿಗೆ ಶ್ರೀಲತಾಳ ಸ್ವರ, ಸ್ಪಷ್ಟವಾದ ಇಂಗ್ಲಿಷಿನಲ್ಲಿ. ಸೀತು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. “ನಮ್ ಹೆಣ್ಣಿನ್ ಸ್ವರ! ಅಲ್ ಕಾಣಿ, ನಾನ್! ನಾನ್!”

ನಾನು ಕೇಳುತ್ತಿದ್ದದ್ದು ಬೇರೆ. ಅವಳ ಎರಡು ಪುಟ ಬರಲೇ ಇಲ್ಲ. ಸ್ಲೋ ಮೋಷನ್ ಮಾಡಿದ ಆ ದಡದ ಚಿತ್ರದ ಮೇಲೆ ಓಡುತ್ತಿದ್ದದ್ದು ಕಪ್ತಾನನ ಮಾತು. ಸೀತು ಮುತ್ತಜ್ಜನ ಕೈಗೆ ಹೊಡೆದು ಮೀನು ಕಿತ್ತುಕೊಳ್ಳುವುದನ್ನು ಎರಡು ಸಲ ತೋರಿಸಿದರು. ಸಭೆ ನಕ್ಕಿತು. ಸೀತುವೂ ನಕ್ಕಳು. ತನ್ನ ಗಾಬರಿಗೆ ನಗುತ್ತಿದ್ದಾರೆ ಅಂದುಕೊಂಡಳು.

ಮುಂದಿನ ಸಾಲಿನಲ್ಲಿ ಶ್ರೀಲತಾ ಅರ್ಧ ಎದ್ದಳು. ಅವಳ ತಲೆಯ ನೆರಳು ಪರದೆಯ ಕೆಳಗೆ ಬಿತ್ತು. ನಿಖಿತಾ ಅವಳ ದುಪಟ್ಟಾ ಹಿಡಿದೆಳೆದು “ಕೂತ್ಕೊ, ಹಿಂದಿನವರಿಗೆ ಕಾಣುದಿಲ್ಲ” ಅಂದದ್ದು ನನಗೂ ಕೇಳಿಸಿತು. ಅವಳು ಕೂತಳು.

ನಾನು ಎದ್ದೆನಾ? ಇಲ್ಲ. ಸೀತು ಚಪ್ಪಾಳೆ ಹೊಡೆದಳು, ನಾನೂ ಹೊಡೆದೆ.

ಮೊದಲ ಬಹುಮಾನ ಅದಕ್ಕೇ. ಬ್ರಹ್ಮಾವರಕ್ಕೂ ಅದೇ ಅಂತ ಸರ್ ಘೋಷಿಸಿದರು. ಹೊರಗೆ ಬರುವಾಗ ರೋಹನ್‌ನ ಅಮ್ಮ ಸೀತುವಿನ ಕೈ ಹಿಡಿದು, “ಒಳ್ಳೇ ಆ್ಯಕ್ಟಿಂಗ್ ಮಾಡಿದ್ರಿ ಮಾರಾಯ್ರೆ” ಅಂದರು. ಅದು ಆ್ಯಕ್ಟಿಂಗ್ ಅಲ್ಲ ಅಂತ ಹೇಳಬೇಕು ಅಂತಲೂ ಸೀತುವಿಗೆ ತೋಚಲಿಲ್ಲ.

ಕೋಡಿಗೆ ಬರುವ ಬಸ್ಸಿನಲ್ಲಿ ನಾವು ಮೂವರೇ ಹಿಂದಿನ ಸೀಟಿನಲ್ಲಿ.

“ನನ್ ಬಗ್ಗೆ ಎಂತ ಹೇಳ್ದೆ ಮಗಾ, ಇಂಗ್ಲಿಷಗೆ?”

ಶ್ರೀಲತಾ ಕಿಟಕಿಯ ಕಡೆ ನೋಡುತ್ತ ಹೇಳಿದಳು. “ಪಾಲಿನ್ ಬಗ್ಗೆ. ಮುತ್ತಜ್ಜಂಗೆ ಮುಳ್ಳ್ ತಾಗ್ದಿದ್ದಾಂಗೆ ನೀನ್ ಮೀನ್ ಕಿತ್ತದ್ದ್.”

“ಅಷ್ಟೂ ಹೇಳ್ದ್ಯಾ! ಅದಕ್ಕೇ ಬಹುಮಾನ.”

ನಾನು ಶ್ರೀಲತಾಳ ಮುಖ ನೋಡಿದೆ. ಅವಳು ನೋಡಲಿಲ್ಲ. ನಾಳೆ ಸರ್ ಹತ್ತಿರ ಮಾತಾಡುತ್ತಾಳೆ, ಬ್ರಹ್ಮಾವರಕ್ಕೆ ಹೋಗುವ ಮೊದಲು ಸರಿ ಮಾಡಿಸುತ್ತಾಳೆ, ಆಗ ಈ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ ಅಂತ ನಾನು ಲೆಕ್ಕ ಹಾಕಿದೆ. ಅವಳೂ ಹಾಗೇ ಹಾಕಿರಬೇಕು. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಲೈಬ್ರರಿಗೆ ಬರುತ್ತಾಳೆ, ಪುಸ್ತಕ ಬಿಚ್ಚುತ್ತಾಳೆ, ಹಾಳೆ ತಿರುಗಿಸುವುದಿಲ್ಲ.

“ಹೇಳ್ದ್ಯಾ ಸರಿಗೆ?”

“ಇಂಟರ್ನಲ್ ಅಂಕ ಇನ್ನೂ ಹಾಕ್ಲಿಲ್ಲ ಗೋಪಿಮಾಮ. ಹಾಕ್ದ್ ಮೇಲೆ ಹೇಳ್ತೆ.”

ಅಷ್ಟರಲ್ಲಿ ವಿಡಿಯೋ ವಾಟ್ಸಾಪಿನಲ್ಲಿ ಸೀತುವಿನ ಮೊಬೈಲಿಗೂ ಬಂದಿತ್ತು. ಮಾರ್ಕೆಟ್ಟಿನಲ್ಲಿ ಅವಳ ಬುಟ್ಟಿಯ ಪಕ್ಕ ಮೀನಿಗಿಂತ ಅದಕ್ಕೇ ಗಿರಾಕಿ ಜಾಸ್ತಿ.

“ಸೀತಕ್ಕ, ಇನ್ ನೀ ಮೀನ್ ಮಾರುದಾ, ಸಿನಿಮಾಕ್ ಹೋಪುದಾ?”

“ಸಿನಿಮಾದೋರ್ ಬಂದಿರ್. ಮಂಜಿನ್ ಪೆಟ್ಟಿಗಿ ಹೊರೂಕ್ ಜನ ಇದ್ರೆ ಬತ್ತೆ ಅಂದೆ.”

“ಅಜ್ಜಂಗ್ ಹೊಡ್ದದ್ದಕ್ಕೆ ಪೊಲೀಸ್ರ್ ಬಪ್ಪುದಿಲ್ಲ್ಯಾ?”

“ಅದ್ನೆಲ್ಲ ನನ್ ಮಗಳ್ ಇಂಗ್ಲಿಷಗೆ ಬಿಡಿಸಿ ಹೇಳಿದ್ಲ್, ಕೇಣ್!” ಅಂತ ಸೀತು ಮತ್ತೆ ಹಾಕುತ್ತಿದ್ದಳು, ಸದ್ದು ಜೋರು ಮಾಡಿ. ಸಂಜೆ ಮುತ್ತಜ್ಜನ ಕಿವಿಗೂ ಹಿಡಿದಳಂತೆ. ಅಜ್ಜ ಪೂರ್ತಿ ಕೇಳಿ, “ಹೆಣ್ಣಿನ್ ಸ್ವರ ದೇವ್ರ್ ಭಜನಿ ಹೇಳ್ದಾಂಗಿತ್ತ್” ಅಂದನಂತೆ.

ಗುರುವಾರ ಪುಷ್ಪ ಟೀಚರ್ ಮೀನಿಗೆ ಬಂದರು. ರಿಟೈರ್ ಆದ ಹೈಸ್ಕೂಲ್ ಟೀಚರ್, ಇಪ್ಪತ್ತು ವರ್ಷದಿಂದ ಸೀತುವಿನ ಹತ್ತಿರವೇ ಕೊಳ್ಳುವವರು. ಅವರಿಗೂ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ನೋಡಿದರು, ಕೇಳಿದರು, ಮೊಬೈಲನ್ನು ಮೆಲ್ಲಗೆ ತಿರುಗಿಸಿ ಕೊಟ್ಟರು.

“ಸೀತು, ಇದನ್ನ ಇನ್ನು ಯಾರಿಗೂ ತೋರಿಸಬೇಡ.”

“ಎಂತಕ್ ಟೀಚರೇ?”

“ಮಗಳ ಹತ್ರ ಕೇಳು.” ಅವರು ಮೀನು ಕೊಳ್ಳದೇ ಹೋದರು.

ಸೀತು ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಅಲ್ಲಿಂದ ಸೀದಾ ಕಾಲೇಜಿಗೆ ನಡೆದು ಬಂದಳು. ಮೊಣಕೈವರೆಗೆ ಮೀನಿನ ಪೊರೆ. ಲೈಬ್ರರಿಯ ಹೊಸ್ತಿಲ ಹೊರಗೆ ನಿಂತು ಕೂಗಿದಳು. “ಗೋಪಿಯಣ್ಣ! ನೀವ್ ಈ ಪುಸ್ತಕ ಓದಿದ್ರಿ ಅಲ್ದಾ? ಇದ್ರಗೆ ಎಂತ ಇತ್ತ್ ಹೇಳಿ.”

ಊಟದ ಹೊತ್ತು. ಒಳಗೆ ಶ್ರೀಲತಾ ಒಬ್ಬಳೇ ಇದ್ದಳು. ನಾನು ಅವಳ ಕಡೆ ತಿರುಗಿದೆ. ಸತ್ಯ ಹೇಳಬೇಕಾದವನು ನಾನಲ್ಲ ಅಂದುಕೊಂಡೆನೋ, ಹೇಳಲು ಹೆದರಿದೆನೋ, ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ.

“ಒಳಗ್ ಬಾ ಅಮ್ಮ,” ಅಂದಳು ಶ್ರೀಲತಾ.

“ಬಪ್ಪುದಿಲ್ಲ. ಕೈ ತೊಳಿಲಿಲ್ಲ. ಇಲ್ಲೇ ಬಂದ್ ಹೇಳ್.”

ಶ್ರೀಲತಾ ಹೊಸ್ತಿಲಿಗೆ ಬಂದಳು. ಸೀತು ಮೊಬೈಲ್ ಕೊಟ್ಟಳು. ಒಂದೊಂದು ವಾಕ್ಯ ಬಿಡುವುದು, ನಿಲ್ಲಿಸುವುದು, ಹೇಳುವುದು.

“‘ಈ ಜನ್ರಗೆ ಕಟ್ಟಳೆ ಅಂಬುದಿಲ್ಲ.’”

“ಮುಂದೆ.”

“‘ಕಡಲ್ ಎಂತ ತಂದ್ ಹಾಕ್ರೂ ನಾಯಿ ಬಿದ್ದಾಂಗ್ ಅದ್ರ ಮೇಲ್ ಬೀಳ್ತ್ರ್.’”

“ನಾಯಿ ಅಂದೇಳೇ ಇತ್ತಾ?”

“ಇತ್ತ್.”

“ಮುಂದೆ.”

“‘ಹೆಂಗ್ಸ್ರ್ ಗಂಡಸ್ರಿಗಿಂತ ಕಡೆ. ಮುದ್ಕ್ರ್ ಕೈಯಗಿನ್ ತುತ್ತ್ ಕಸ್ಕಂಬುಕೂ ಇವ್ರಿಗೆ ನಾಚ್ಕಿ ಇಲ್ಲ.’”

ಪರದೆಯಲ್ಲಿ ಸೀತುವಿನ ಕೈ ಮೇಲೆದ್ದು ನಿಂತಿತ್ತು. ಸೀತು ಅದನ್ನೇ ನೋಡುತ್ತಿದ್ದಳು.

“ಮುಳ್ಳ್ ಹೊಕ್ಕಿರೆ ಅಜ್ಜಂಗೆ ಜರ ಬತ್ತಿತ್,” ಅಂದಳು. ವಾದ ಮಾಡುವ ಹಾಗೆ ಅಲ್ಲ, ನೆನಪು ಮಾಡಿಕೊಳ್ಳುವ ಹಾಗೆ. “ನಿಂಗ್ ಗೊತ್ತಿತ್ತಲೆ?”

“ಗೊತ್ತಿತ್ತಮ್ಮ. ನಾನ್ ಅದ್ನ ಬರ್ದಿದ್ದೆ. ಇದ್ನ ನಿನ್ ಚಿತ್ರದ್ ಮೇಲೆ ಹಾಕ್ತ್ರ್ ಅಂದೇಳಿ ನಂಗ್ ಗೊತ್ತೇ ಇರ್ಲಿಲ್ಲ. ದೇವ್ರಾಣೆ. ರೋಹನ್ ಹಾಕಿದ್ದ್.”

“ಸಭೆಯಗೆ ಕಂಡಾಗ್ ಗೊತ್ತಾಯ್ತಲೆ?”

ಶ್ರೀಲತಾ ಮೊಬೈಲನ್ನು ಅಮ್ಮನ ಕೈಗೆ ತಿರುಗಿ ಕೊಟ್ಟಳು.

“ಬಸ್ಸಗೆ ನಾ ಕೇಂಡೆ. ಆಗ್ಳಿಕೂ ಗೊತ್ತಿತ್ತ್. ನಾ ಮಾರ್ಕೆಟಗೆ ದಿನಾ ಹಾಕುದ್ ಗೊತ್ತಿತ್ತ್. ಆ ಅಜ್ಜನ್ ಕಿವಿಗ್ ಹಿಡ್ದೆ ನಾನ್. ಅವ್ರ್ ಸ್ವರ ಚಂದಿತ್ತ್ ಅಂದ್ರ್.” ಸೀತು ಸೆರಗಿನಿಂದ ಮೊಬೈಲಿನ ಮೇಲಿದ್ದ ಪೊರೆ ಒರೆಸಿದಳು. “ಆ ಕಪ್ತಾನಂಗ್ ನಾ ಎಂತ ಹೇಳ್ಲಿ? ಅವ ನಮ್ಮನ್ ಕಂಡವನೇ ಅಲ್ಲ. ನೀನ್ ನನ್ ಹೊಟ್ಟಿಯಗ್ ಹುಟ್ಟಿದ್ದ್.”

ಮತ್ತೆ ನನ್ನ ಕಡೆ ತಿರುಗಿದಳು. “ನೀವೂ ಚಪ್ಪಾಳಿ ಹೊಡ್ದ್ರಿ ಅಲ್ದಾ ಗೋಪಿಯಣ್ಣ?”

ಹೊಸ್ತಿಲಿಂದಲೇ ತಿರುಗಿ ನಡೆದಳು.

ಆಗ ಶ್ರೀಲತಾ ಅತ್ತುಕೊಂಡೇ ಸ್ಟಾಫ್ ರೂಮಿಗೆ ಹೋದಳು. ನಾನೂ ಹಿಂದೆ ಹೋಗಿ ಬಾಗಿಲ ಹತ್ತಿರ ನಿಂತೆ. ಪ್ರವೀಣ್ ಸರ್ ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಪೂರ್ತಿ ಕೇಳಿದರು.

“ಅದು ನಿಮ್ಮ ಅಮ್ಮ ಅಂತ ನಂಗೆ ಗೊತ್ತಿರಲಿಲ್ಲ ಶ್ರೀಲತಾ. ಆದರೆ ಇದು ಅವರ ಬಗ್ಗೆ ಅಲ್ವಲ್ಲ? ಕಾದಂಬರಿ ಬಗ್ಗೆ. ನೋಡುವವರಿಗೂ ಅದು ಗೊತ್ತಿರುತ್ತದೆ.”

“ಆ ಚಿತ್ರ ತೆಗೀಬೇಕು ಸರ್.”

ರೋಹನ್‌ನನ್ನು ಕರೆಸಿದರು. ಅವನ ಮುಖವೂ ಸಣ್ಣದಾಯಿತು. “ಸಾರಿ ಶ್ರೀಲತಾ, ನಿಜವಾಗ್ಲೂ. ನಿಮ್ಮಮ್ಮ ಅಂದ್ರೆ ನಮ್ಮನೇಲಿ ಎಲ್ರಿಗೂ ಇಷ್ಟ. ಅವತ್ತು ಕೊಟ್ಟ ಬಂಗುಡೆ ಎರಡು ದಿನ ಇಟ್ಟುಕೊಂಡು ತಿಂದ್ವಿ. ಆದ್ರೆ ಸರ್, ಆ ಶಾಟ್ ತೆಗೆದ್ರೆ ವಿಡಿಯೋದಲ್ಲಿ ಏನುಂಟು?”

ಸರ್ ತುಂಬ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಶನಿವಾರ ಸ್ಪರ್ಧೆ, ಹೆಸರು ಕಳಿಸಿ ಆಗಿದೆ, ಕಾಲೇಜಿನ ಮರ್ಯಾದೆ. ಕಡೆಗೆ ಅವರಿಗೊಂದು ದಾರಿ ಹೊಳೆಯಿತು. “ನಿನಗೆ ಬೇಜಾರಾಗಿರುವುದು ನಿನ್ನ ಸ್ವರದಲ್ಲಿ ಆ ಮಾತು ಬಂತು ಅಂತ ತಾನೇ? ಅದು ನ್ಯಾಯ. ಸ್ವರ ಬದಲಿಸೋಣ. ನಿನ್ನ ಹೆಸರೂ ತೆಗೆಯೋಣ. ಅಂಕಕ್ಕೆ ನೀನು ಬೇರೆ ಏನಾದರೂ ಬರೆದುಕೊಡು.”

ಶ್ರೀಲತಾ ಚಿತ್ರ, ಚಿತ್ರ ಅಂತ ಇನ್ನೆರಡು ಸಲ ಹೇಳಿದಳು. ಆಮೇಲೆ ಗಂಟೆ ಹೊಡೆಯಿತು, ಸರ್‌ಗೆ ಕ್ಲಾಸಿತ್ತು.

ಶುಕ್ರವಾರ ಸಂಜೆ ಲೈಬ್ರರಿಯ ಬಾಗಿಲು ಹಾಕಿ, ಫ್ಯಾನು ಬಂದ್ ಮಾಡಿ ಕೊಟ್ಟವನು ನಾನೇ. ಕಪ್ತಾನನ ಮಾತನ್ನು ನಿಖಿತಾ ಎರಡೇ ಸಲ ಓದಿದಳು.

ಶನಿವಾರ ಬ್ರಹ್ಮಾವರಕ್ಕೆ ಶ್ರೀಲತಾಳೂ ಹೋದಳು, ಕರೆಯದಿದ್ದರೂ. ಬಸ್ಸಿನಲ್ಲಿ ಒಬ್ಬಳೇ ಹೋಗಿ, ಹಾಲಿನ ಹಿಂದೆ ನಿಂತು ನೋಡಿ ಬಂದಳಂತೆ. ಸಂಜೆ ಅವಳು ವಾಪಸು ಬಂದಾಗ ನಾನು ಅವರ ಮನೆಯ ಜಗಲಿಯಲ್ಲಿ ಕೂತಿದ್ದೆ. ಎರಡು ದಿನದಿಂದ ಸೀತು ನನ್ನ ಹತ್ತಿರ ಮಾತಾಡಿರಲಿಲ್ಲ. ಕೂತರೆ ಏನಾದರೂ ಬೈದಾಳು ಅಂತ ಕೂತಿದ್ದೆ. ಅವಳು ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮಗಳು ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತಳು.

“ನನ್ ಸ್ವರ ತೆಗ್ಸಿದೆ ಅಮ್ಮ. ಹೆಸ್ರೂ ತೆಗ್ಸಿದೆ. ಈಗ ಓದುದ್ ನಿಖಿತಾ.”

ಸೀತು ತಲೆ ಎತ್ತಲಿಲ್ಲ. “ಮತ್ತ್ ನಾನ್?”

“ನೀನ್ ಇದ್ದೆ.”

“ಮುತ್ತಜ್ಜ?”

“ಅವ್ರೂ ಇದ್ರ್.”